ಬಳೆಯಲ್ಲಿ ಬರೆದ ಅಕ್ಷರ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ನಾನು ಬರೆದದ್ದನ್ನು ಓದದವರು ಕಡಿಮೆ. 'ಇಲ್ಲಿ ಗಲೀಜು ಮಾಡಬಾರದು', 'ನಾಯಿ ಇದೆ ಎಚ್ಚರಿಕೆ', 'ಬೀಗರ ಔತಣಕ್ಕೆ ಸುಸ್ವಾಗತ'. ಇಷ್ಟೊಂದು ಓದುಗರಿದ್ದೂ ಒಬ್ಬರಾದರೂ ನನ್ನ ಹೆಸರು ಕೇಳಿದವರಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲವೇನೋ. ಬೋರ್ಡಿನಲ್ಲಿ ಏನೋ ತಪ್ಪಾಗಿದೆ, ಅದಕ್ಕೇ ವಿಚಾರಿಸುತ್ತಿದ್ದಾರೆ ಅಂತಲೇ ನನ್ನ ತಲೆಗೆ ಮೊದಲು ಬರುವುದು.

ಹೋದ ವರ್ಷ ಕಣ್ಣಿನ ಡಾಕ್ಟರು, ಬಲಗೈ ಭುಜ, ಹೆಂಡತಿ ಸುಶೀಲ, ಈ ಮೂವರೂ ಒಂದೇ ವಾರದಲ್ಲಿ 'ಸಾಕು' ಎಂದರು. ಐವತ್ನಾಲ್ಕಕ್ಕೇ ಫ್ಲೆಕ್ಸ್ ಅಂಗಡಿಯ ಕೆಲಸ ಬಿಟ್ಟೆ. ಬಿಡುವ ದಿನ ನನ್ನ ಜಾಗಕ್ಕೆ ಬಂದ ಸುಮಾ ಎಂಬ ಹುಡುಗಿ ಕಂಪ್ಯೂಟರ್ ಮುಂದೆ ಕೂತು ಕೇಳಿದಳು: "ಸಾರ್, ಇದರಲ್ಲಿ 'ಬಳೆ' ಅಂತ ಒಂದು ಫಾಂಟ್ ಇದೆ. ಚೆನ್ನಾಗಿದೆ. ಎಲ್ಲಾ ಅಕ್ಷರನೂ ಕೈವಾರದಲ್ಲಿ ಎಳೆದ ಹಾಗಿದೆ. ಮ ಒಂದರದು ಮಾತ್ರ ಬಾಲ ಯಾಕೋ ಹೊರಗೆ ಹೋಗಿದೆ. ಸರಿ ಮಾಡಿಬಿಡ್ಲಾ?"

"ಮುಟ್ಟಬೇಡಮ್ಮ," ಎಂದೆ. ಸ್ವಲ್ಪ ಜೋರಾಗಿಯೇ ಅಂದೆ ಅಂತ ಕಾಣುತ್ತದೆ, ಅವಳು ಮೌಸ್‌ನಿಂದ ಕೈ ತೆಗೆದಳು. ಯಾಕೆ ಅಂತ ಆವತ್ತು ಹೇಳಲಿಲ್ಲ. ಈ ಕೆಲಸಕ್ಕೆ ಬರುವ ಅವಳಂಥವರಿಗೆ ಆ ಮ ಹಾಗಿರಲು ಕಾರಣ ಗೊತ್ತಿರಲಿ ಎಂದು ಈಗ ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತದ್ದು ಮದ್ದೂರಿನ ಪೇಂಟರ್ ಕರೀಂ ಸಾಬರ ಹತ್ತಿರ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಅವರ ಬಾಯಲ್ಲಿ ಎರಡೇ ಪಾಠ. ಒಂದು, ಅಕ್ಷರ ಮೈ ತುಂಬಿಕೊಂಡಿರಬೇಕು. "ಅಕ್ಸರ ಅಂದ್ರೆ ಬೀಗ್ರು ಕಣ್ಲಾ ಸಿದ್ರಾಜು. ಉಂಡು ಕೂತಂಗಿರ್ಬೇಕು, ಉಪಾಸ ಬಂದಂಗಿರ್ಬಾರ್ದು." ಎರಡನೆಯದು, ಬರೆದ ಮೇಲೆ ರಸ್ತೆ ದಾಟಿ ನಿಂತು ಓದಬೇಕು. ನಾನು ಬರೆದದ್ದನ್ನು ಅವರು ಓದುವುದು, ಅವರು ಬರೆದದ್ದನ್ನು ನಾನು ಓದುವುದು. ಹೆದ್ದಾರಿಯಲ್ಲಿ ಬಸ್ಸುಗಳ ನಡುವೆ ದಾರಿ ಮಾಡಿಕೊಂಡು ಆಚೆ ಹೋಗಿ ನಿಂತರೆ ಉಸ್ತಾದರು ಈಚೆಯಿಂದ ಕೂಗುತ್ತಿದ್ದರು: "ಕಾಣ್ತದಾ?" ಕಾಣುತ್ತದೆ ಎಂದರೆ, "ಇನ್ನೂ ನಾಕ್ ಎಜ್ಜೆ ಇಂದಕ್ಕೋಗು!" ಹಿಂದೆ ಚರಂಡಿ ಇರುತ್ತಿತ್ತು. ಮೊದಲ ವರ್ಷ ಎರಡು ಸಲ ಬಿದ್ದಿದ್ದೇನೆ. ಎರಡು ಸಲವೂ ಅಕ್ಷರ ಚೆನ್ನಾಗಿ ಕಾಣುತ್ತಿತ್ತು.

ಗೋಡೆ ಬರಹ ನಿಂತು ಫ್ಲೆಕ್ಸ್ ಬಂದಾಗ ನಾನು ಮಂಡ್ಯದಲ್ಲಿ ಶಿವಲಿಂಗಣ್ಣನ ಅಂಗಡಿಗೆ ಕಂಪ್ಯೂಟರ್ ಕೆಲಸಕ್ಕೆ ಸೇರಿದೆ. ಕುಂಚ ಹಿಡಿಯುತ್ತಿದ್ದ ಕೈಗೆ ಮೌಸ್ ಹಿಡಿಯುವುದೆಂದರೆ ಸೋಪು ಹಿಡಿದ ಹಾಗೆ ಆಗುತ್ತಿತ್ತು. ತಪ್ಪು ಗುಂಡಿ ಒತ್ತಿದರೆ ಎಲ್ಲ ಅಳಿಸಿಹೋಗುತ್ತದೆ ಎಂಬ ಭಯಕ್ಕೆ ಮೊದಲ ತಿಂಗಳು ಒಂದೊಂದು ಕೆಲಸವನ್ನೂ ಐದೈದು ಹೆಸರಿನಲ್ಲಿ ಉಳಿಸುತ್ತಿದ್ದೆ. ಆಮೇಲೆ ಯಾವುದು ಸರಿಯಾದದ್ದು ಅಂತ ಗೊತ್ತಾಗದೆ ಐದನ್ನೂ ಮುದ್ರಿಸುತ್ತಿದ್ದೆ.

ಅಲ್ಲಿ ಅಕ್ಷರಗಳು ಸಿದ್ಧವಾಗಿಯೇ ಇದ್ದವು. ನಾವು ಅವನ್ನು ಎಳೆಯುವುದು, ಹಿಂಡುವುದು, ದಪ್ಪ ಮಾಡುವುದು, ಕೆಂಪು ಬಣ್ಣಕ್ಕೆ ಹಳದಿ ಅಂಚು ಕೊಡುವುದು, ಇಷ್ಟೇ. ದಪ್ಪ ಮಾಡಿದಷ್ಟೂ ಗಿರಾಕಿಗೆ ಖುಷಿ.

ಹಾಗಿರುವಾಗ ಒಂದು ದಿನ ಮದ್ದೂರಿನಿಂದ ಬಸ್ಸಿನಲ್ಲಿ ಬರುತ್ತಾ ಹೆದ್ದಾರಿ ಪಕ್ಕದಲ್ಲಿ ಹೊಸದಾಗಿ ಎದ್ದ ಒಂದು ಅಂಗಡಿಯ ಹೆಸರು ನೋಡಿದೆ. ಇಂಗ್ಲಿಷಿನಲ್ಲಿತ್ತು. ಅಕ್ಷರ ಒಂದೊಂದೂ ಆಳೆತ್ತರ, ಗೆರೆ ಮಾತ್ರ ತಂತಿಯಷ್ಟೇ. ಎಲ್ಲ ಕಡೆಯೂ ಒಂದೇ ದಪ್ಪ. ಸೊನ್ನೆಯಂತಿದ್ದ ಅಕ್ಷರ ನಿಜವಾಗಿಯೂ ಸೊನ್ನೆ, ಒಂದು ಕಡೆಯೂ ಉಬ್ಬು ತಗ್ಗಿಲ್ಲ. ಅಲಂಕಾರ ಇಲ್ಲ, ತುದಿಯಲ್ಲಿ ಕೊಕ್ಕೆ ಇಲ್ಲ. ಹಿಂದಿನ ಗೋಡೆಯ ಬಿಳಿಯೆಲ್ಲ ಅಕ್ಷರದ ಒಳಗೇ ಬಂದು ಕೂತಿತ್ತು. ಉಸ್ತಾದರ ಲೆಕ್ಕದಲ್ಲಿ ಅದು ಉಪವಾಸ ಸಾಯುತ್ತಿರುವ ಅಕ್ಷರ. ಆದರೂ ಕಣ್ಣು ಅದನ್ನು ಬಿಡಲಿಲ್ಲ. ಕತ್ತು ತಿರುಗಿಸಿ ತಿರುಗಿಸಿ ನೋಡಿ, ಇಳಿಯುವ ಸ್ಟಾಪು ದಾಟಿ ಹೋದೆ.

ಇಂಥದ್ದು ನಮ್ಮ ಕನ್ನಡದಲ್ಲಿ ಯಾಕಿರಬಾರದು ಎಂಬ ಹುಳ ಆವತ್ತೇ ತಲೆ ಹೊಕ್ಕಿತು. ಇಂಗ್ಲಿಷಿನವರು ದುಂಡನೆಯದಕ್ಕೆ ಅಷ್ಟು ಕಷ್ಟಪಡಬೇಕು, ನಮ್ಮದು ಹುಟ್ಟುತ್ತಲೇ ದುಂಡು. ರ, ಠ, ಒ ಇವನ್ನೆಲ್ಲ ಎರಡು ಬಳೆ ಇಟ್ಟು ಗೆರೆ ಎಳೆದರೆ ಆಯಿತು ಅಂದುಕೊಂಡೆ. ಆಗ 'ಬಳೆ' ಎಂದದ್ದು ಮಾತಿಗೆ. ಮನೆಗೆ ಹೋಗಿ ಕೈವಾರ ಹುಡುಕಿದರೆ ಸಿಗಲಿಲ್ಲ. ಸುಶೀಲಳ ಬಳೆ ಸ್ಟ್ಯಾಂಡ್ ಸಿಕ್ಕಿತು.

"ನನ್ ಬಳೆ ಯಾಕ್ರೀ?"

"ಅಕ್ಷರ ಬರೀಬೇಕು."

"ನಾನು ಕೇಳಿದ ಬಳೆ ಕೊಡಿಸೋಕೆ ಪುರುಸೊತ್ತಿಲ್ಲ, ಇರೋದನ್ನ ಎತ್ಕೊಂಡು ಅಕ್ಷರ ಬರೀತಾರಂತೆ," ಎಂದಳು. ಆದರೂ ದೊಡ್ಡದೊಂದು, ಸಣ್ಣದೊಂದು ತೆಗೆದು ಕೊಟ್ಟಳು. ಸಣ್ಣದು ನಮ್ಮ ಮಗಳ ಚಿಕ್ಕಂದಿನದು.

ಬಳೆಯನ್ನು ನಂಬಿ ಕೆಟ್ಟೆ. ಅಳೆದರೆ ಸರಿಯಿರುವುದು ನೋಡಿದರೆ ಸರಿಯಿರುತ್ತಿರಲಿಲ್ಲ. ಅಡ್ಡ ಗೆರೆಗೂ ಉದ್ದ ಗೆರೆಗೂ ಒಂದೇ ದಪ್ಪ ಕೊಟ್ಟರೆ ಅಡ್ಡ ಗೆರೆಯೇ ದಪ್ಪ ಕಾಣುತ್ತದೆ. ಅದನ್ನು ಒಂದು ಕೂದಲಷ್ಟು ಸವೆಸಬೇಕು. ಗುಂಡನೆಯ ಅಕ್ಷರವನ್ನು ಗೆರೆಯ ಮೇಲೆ ಸರಿಯಾಗಿ ಕೂರಿಸಿದರೆ ಅದು ನೆಲ ಮುಟ್ಟದೆ ತೇಲುತ್ತದೆ. ಚೂರು ಕೆಳಗೆ ಇಳಿಸಿದರೆ ಆಗ ಕೂತಂತೆ ಕಾಣುತ್ತದೆ. ಎರಡು ಗೆರೆ ಸೇರುವಲ್ಲಿ ಕಪ್ಪು ಕಟ್ಟುತ್ತದೆ, ಅಲ್ಲಿ ಕೆರೆಯಬೇಕು. ಕಣ್ಣು ಇಷ್ಟು ಸುಳ್ಳು ಹೇಳುತ್ತದೆಂದು ಇಪ್ಪತ್ತು ವರ್ಷ ಬೋರ್ಡು ಬರೆದವನಿಗೆ ಗೊತ್ತೇ ಇರಲಿಲ್ಲ. ಕುಂಚದ ಕೈ ಅದನ್ನೆಲ್ಲ ನನ್ನನ್ನು ಕೇಳದೆ ತಾನೇ ಸರಿಮಾಡಿಕೊಂಡು ಹೋಗುತ್ತಿತ್ತು.

ಇದರ ಮೇಲೆ ನಮ್ಮ ಜಿಲ್ಲೆಯ ಕಷ್ಟ ಬೇರೆ. ಮಂಡ್ಯ, ಮದ್ದೂರು, ಮಳವಳ್ಳಿ: ಮೂರಕ್ಕೂ ಮೊದಲು ಮ, ಮೂರಕ್ಕೂ ಹೊಟ್ಟೆ ಕೆಳಗೊಂದು ಒತ್ತು. ಮ ಬರೆಯಲು ಬಾರದವನು ಈ ಸೀಮೆಯಲ್ಲಿ ಬೋರ್ಡು ಬರೆದು ಬದುಕಲಾರ. ಆ ಒಂದು ಅಕ್ಷರಕ್ಕೆ ನಾನು ಎಷ್ಟು ಭಾನುವಾರ ಕೂತೆನೋ. ಕೊನೆಗೆ ಅದರ ಬಲಗಡೆಯ ಬಾಲವನ್ನು ಮಗಳ ಬಳೆಯ ಕಾಲುಭಾಗಕ್ಕೆ ಸರಿಯಾಗಿ ಕತ್ತರಿಸಿ ನಿಲ್ಲಿಸಿದೆ. ಒತ್ತುಗಳನ್ನೆಲ್ಲ ಕೂರಿಸುವ ಹೊತ್ತಿಗೆ ವರ್ಷ ಕಳೆದಿತ್ತು. ಅಂಗಡಿಯ ಕಂಪ್ಯೂಟರಿಗೆ ಏರಿಸಿದ ಫೈಲಿಗೆ 'ಬಳೆ' ಎಂದು ಹೆಸರಿಟ್ಟೆ.

ಇಟ್ಟವನು ಸುಮ್ಮನಿರಬೇಕಿತ್ತು. ಮಳವಳ್ಳಿ ಕಡೆಯ ಬೋರೇಗೌಡರು ಮಗನ ಬೀಗರೂಟಕ್ಕೆ ಫ್ಲೆಕ್ಸ್ ಹೇಳಲು ಬಂದರು. ಶಿವಲಿಂಗಣ್ಣ ಊರಲ್ಲಿರಲಿಲ್ಲ. ನಾನು ಛತ್ರದ ಬಾಗಿಲಿಗೆ ಹಾಕುವ ದೊಡ್ಡ ಫ್ಲೆಕ್ಸನ್ನು ಬಳೆ ಅಕ್ಷರದಲ್ಲಿ, ತಿಳಿ ಹಳದಿಯ ಮೇಲೆ ಬಂಗಾರದ ಬಣ್ಣದಲ್ಲಿ ಮಾಡಿಕೊಟ್ಟೆ. ಅಂಗಡಿಯ ಮೇಜಿನ ಮೇಲೆ ಹಾಸಿ ನೋಡಿದಾಗ ನನಗೇ ಕಣ್ಣು ತುಂಬಿ ಬಂತು.

ಆ ಬೀದಿಯಲ್ಲಿ ಎರಡು ಛತ್ರ ಅಕ್ಕಪಕ್ಕ. ಒಂದರಲ್ಲಿ ಗೌಡರ ಮಾಂಸದಡುಗೆಯ ಬೀಗರೂಟ, ಇನ್ನೊಂದರಲ್ಲಿ ಯಾರದೋ ನಾಮಕರಣ. ನಾಮಕರಣದವರ ಫ್ಲೆಕ್ಸ್ ಕೆಂಪು, ದಪ್ಪ, ಹಳದಿ ಅಂಚು. ಟೆಂಪೋಗಳಲ್ಲಿ ಬಂದ ಗೌಡರ ನೆಂಟರಿಗೆ ಬಿಸಿಲಲ್ಲಿ ನನ್ನ ಬಂಗಾರದ ತಂತಿ ಕಾಣಲೇ ಇಲ್ಲ. ಸುಸ್ವಾಗತ ಎಂದು ಕಂಡ ಕಡೆ ನುಗ್ಗಿದರು. ನಮ್ಮ ಕಡೆ ಔತಣಕ್ಕೆ ಹೋದವರು ಮೊದಲು ಎಲೆ ಮುಂದೆ ಕೂರುತ್ತಾರೆ, ಯಾರ ಮನೆಯದು ಎಂಬುದು ಆಮೇಲಿನ ಮಾತು. ಕೋಸಂಬರಿ ಬಂತು, ಸುಮ್ಮನಿದ್ದರು. ಪಲ್ಯ ಬಂತು, ಸುಮ್ಮನಿದ್ದರು. ಅನ್ನದ ಮೇಲೆ ಬೇಳೆಸಾರು ಬಿದ್ದಾಗ ಒಬ್ಬ ಹಿರಿಯರು ಎಲೆ ಮೇಲೆ ಕೈ ಅಡ್ಡ ಹಿಡಿದು, "ಬಾಡ್ ಎಲ್ಲೋಯ್ತು?" ಎಂದರಂತೆ. ಆಗ ಎರಡು ಪಂಕ್ತಿ ಎದ್ದು ಪಕ್ಕಕ್ಕೆ ಹೋಯಿತು. ನಾಮಕರಣದವರಿಗೆ ಊಟ ಸಾಲದೆ ಬಂದು, ಅವರ ಕಡೆಯವರಲ್ಲಿ ಕೆಲವರು ಕೊನೆಗೆ ಇತ್ತ ಬಂದು ಮುದ್ದೆ ಮುರಿದರಂತೆ.

ಮಾರನೆಯ ದಿನ ಗೌಡರು ಫ್ಲೆಕ್ಸನ್ನು ಸುರುಳಿ ಸುತ್ತಿ ಹೆಗಲ ಮೇಲಿಟ್ಟುಕೊಂಡು ಬಂದರು.

"ಏನಪ್ಪಾ, ಅಕ್ಸರಕ್ಕೆ ಜ್ವರ ಗಿರ ಬಂದಿತ್ತಾ? ನಮ್ ಬೀಗ್ರು ಕೇಳ್ತವ್ರೆ, ಬೋರ್ಡ್ ಬರೆಯೋ ಒತ್ಗೆ ಬಣ್ಣ ಮುಗ್ದೋಯ್ತಾ ಗೌಡ್ರೆ ಅಂತ. ಏನ್ ಏಳ್ಲಿ?"

ನಾನು ಸುರುಳಿಯನ್ನು ಇಸಿದುಕೊಂಡು ಮೂಲೆಗಿಟ್ಟೆ. ಶಿವಲಿಂಗಣ್ಣ ಅವರನ್ನು ಕೂರಿಸಿ, ಕಾಫಿ ತರಿಸಿ, ಸಮಾಧಾನ ಮಾಡಿ ಕಳಿಸಿದ. ಆಮೇಲೆ ನನ್ನ ಕಡೆ ತಿರುಗಿ, "ಅದನ್ನ ಕಂಪ್ಯೂಟರಿಂದ ತೆಗ್ದಾಕು ಸಿದ್ರಾಜಣ್ಣ. ಇನ್ನೊಂದ್ಸಲ ನನ್ ಕಣ್ಣಿಗೆ ಬೀಳ್ಬಾರ್ದು," ಎಂದ. ಅವನೆದುರೇ ತೆಗೆದೆ. ಅದಕ್ಕೂ ಮುಂಚೆ ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದೆ. ಐದು ಹೆಸರಿನಲ್ಲಿ ಉಳಿಸುವ ಚಾಳಿ ಜೀವನದಲ್ಲಿ ಒಂದು ಸಲ ಉಪಯೋಗಕ್ಕೆ ಬಂತು.

ತಪ್ಪಾಗಿದ್ದು ಗೊತ್ತು, ಎಲ್ಲಿ ತಪ್ಪಿತು ಎಂಬುದು ಕೊರೆಯತೊಡಗಿತು. ಅದೇ ಫ್ಲೆಕ್ಸನ್ನು ಒಂದು ಬೆಳಿಗ್ಗೆ ನಮ್ಮ ಬೀದಿಯ ಕೊನೆಯ ಬೇಲಿಗೆ ಕಟ್ಟಿ ಸುಶೀಲಳನ್ನು ಹಿಂದೆ ಹಿಂದೆ ನಡೆಸಿದೆ. ಹತ್ತು ಹೆಜ್ಜೆಗೆ ಓದಿದಳು. ಇಪ್ಪತ್ತಕ್ಕೆ ಓದಿದಳು. ಮೂವತ್ತಕ್ಕೆ ಕಣ್ಣು ಕಿರಿದು ಮಾಡಿದಳು. ನಲವತ್ತಕ್ಕೆ ಹೋದವಳು, "ಬರೀ ಹಳದಿ ಬಟ್ಟೆ ಕಾಣ್ತದೆ. ನಾನು ಇಲ್ಲಿಂದ ಇಂಗೇ ತರಕಾರಿಗೆ ಓಯ್ತೀನಿ," ಎಂದು ಹೊರಟೇಬಿಟ್ಟಳು. ಆಮೇಲೆ ಒಬ್ಬನೇ ಹತ್ತಿರ ಹೋಗಿ ನಿಂತೆ. ಹತ್ತಿರದಲ್ಲಿ ಅದರಷ್ಟು ಸ್ಪಷ್ಟವಾದ ಅಕ್ಷರ ಇನ್ನೊಂದಿಲ್ಲ. ದೂರ ಹೋದರೆ ಇಲ್ಲವೇ ಇಲ್ಲ. ನಡುವೆ ಎಲ್ಲಿ ಮಾಯವಾಗುತ್ತದೆ ಎಂದು ಎಷ್ಟು ಸಲ ಹಿಂದೆ ಮುಂದೆ ಓಡಾಡಿದೆನೆಂದರೆ, ಎದುರು ಮನೆಯವರು ಬಂದು ಏನಾದರೂ ಬೀಳಿಸಿಕೊಂಡಿರಾ ಎಂದು ಕೇಳಿದರು.

ನಡೆದದ್ದನ್ನೆಲ್ಲ ಹೇಳಿ, ಬಳೆ ಅಕ್ಷರದ ಹಾಳೆಯೊಂದನ್ನು ಉಸ್ತಾದರಿಗೂ ತೋರಿಸಿದೆ. ಆಗಲೇ ಅವರು ಕೆಲಸ ಬಿಟ್ಟಿದ್ದರು, ಒಂದು ಕಣ್ಣಿಗೆ ಪೊರೆ. ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಬೈಗುಳಕ್ಕೆ ಸಿದ್ಧನಾಗಿ ಕೂತಿದ್ದೆ.

"ಇದು ನಾನ್ ದಿನಾ ಬರೀತಿದ್ದ ಅಕ್ಸರ ಕಣ್ಲಾ," ಎಂದರು.

"ನೀವೆಲ್ಲಿ ಉಸ್ತಾದ್? ನಿಮ್ದು ಮೈ ತುಂಬಿದ್ದಲ್ವಾ?"

"ಬಣ್ಣ ತುಂಬಕ್ಕೆ ಮುಂಚೆ ಸೀಮೆಸುಣ್ಣದಲ್ಲಿ ಏನ್ ಎಳೀತಿದ್ದೆ? ಬರೀ ಒಂದ್ ಗೆರೆ. ಇದೇ ಅದು. ಮೂಳೆ. ನಾನು ಮೇಲೆ ಬಣ್ಣ ಬಳ್ದು ಮುಚ್ತಿದ್ದೆ. ನೀನು ಮೂಳೇನೇ ಬೀಗ್ರೂಟಕ್ಕೆ ಕಳ್ಸಿದೀಯ." ಅವರ ನಗು ಕೆಮ್ಮಿಗೆ ತಿರುಗಿತು. ಕೆಮ್ಮು ನಿಂತ ಮೇಲೆ, "ಎಸೀಬ್ಯಾಡ. ಇದುಕ್ಕೂ ಯಾರೋ ಇರ್ತಾರೆ," ಎಂದರು. ಯಾರು ಅಂತ ಅವರಿಗೂ ಗೊತ್ತಿರಲಿಲ್ಲ.

ವರ್ಷವೆರಡು ಕಳೆದಿರಬೇಕು. ಭಾರತೀನಗರದ ಹತ್ತಿರ ಕಬ್ಬಿನ ಸಸಿ ಬೆಳೆಸುವ ಒಂದು ನರ್ಸರಿ. ಕಪ್ಪು ಟ್ರೇಗಳಲ್ಲಿ ಸಸಿ ಎಬ್ಬಿಸಿ, ಊರೂರಿಗೆ ವ್ಯಾನಿನಲ್ಲಿ ಕಳಿಸುತ್ತಾರೆ. ಯಾವ ಟ್ರೇ ಯಾವ ಕಡೆಗೆ ಎಂದು ಸಿಕ್ಕಿಸುವ, ಬೆರಳುದ್ದದ ಪ್ಲಾಸ್ಟಿಕ್ ಚೀಟಿಗಳನ್ನು ನಾವೇ ಮುದ್ರಿಸಿ ಕೊಡುತ್ತಿದ್ದೆವು. ಒಂದು ಮಧ್ಯಾಹ್ನ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಸೆರಗಿನಿಂದ ಮೂರು ಚೀಟಿ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟರು. ಆ ನರ್ಸರಿಯ ಕೆಲಸದವರ ಮೇಸ್ತ್ರಿ, ಹೆಸರು ಪುಟ್ಟತಾಯಮ್ಮ.

"ಓದಪ್ಪ."

ಚೀಟಿ ನೋಡಿದೆ. ಕೆಸರು ಒಣಗಿತ್ತು. ದಪ್ಪ ಅಕ್ಷರ, ಶಾಯಿ ಹರಡಿ ಹೊಟ್ಟೆಯ ತೂತೆಲ್ಲ ಮುಚ್ಚಿಹೋಗಿತ್ತು. ಒತ್ತುಗಳು ಮೇಲಿನ ಅಕ್ಷರಕ್ಕೆ ಅಂಟಿಕೊಂಡಿದ್ದವು. ಮೊದಲೊಂದು ಕರಿ ಉಂಡೆ, ಆಮೇಲೆ ಇನ್ನಷ್ಟು ಉಂಡೆ. ಸಾಲದ್ದಕ್ಕೆ ಚೀಟಿಗಳು ಒಂದೇ ಅಂದದಲ್ಲಿರಲೆಂದು 'ಮಂಡ್ಯ'ವನ್ನು ಹಿಗ್ಗಿಸಿ, 'ಮಳವಳ್ಳಿ'ಯನ್ನು ಹಿಂಡಿ, ಮೂರನ್ನೂ ಒಂದೇ ಅಗಲಕ್ಕೆ ತಂದಿದ್ದವನು ನಾನೇ. ಚಿಕ್ಕದು ದೊಡ್ಡದು ನೋಡಿ ಗುರುತಿಸುವ ದಾರಿಯನ್ನೂ ಮುಚ್ಚಿದ್ದೆ.

"ಇದು... ಮದ್ದೂರು ಇರಬೇಕು," ಎಂದೆ.

"ಇರ್ಬೇಕಾ? ಬರೆದೋನು ನೀನೇ 'ಇರ್ಬೇಕು' ಅಂತೀಯ. ನಾನು ಓದೋದ್ ಕಲ್ತು ಎಲ್ಡು ವರ್ಸ ಆಯ್ತು ಕಣಪ್ಪ, ನಮ್ಮೂರ್ ಸಾಲೆಗೆ ಸಂಜೆ ಓಗಿ. ಸಿಲೇಟ್ ಮೇಲೆ ಎಲ್ಲಾ ಓದ್ತೀನಿ. ಇದು ಬರಾಕಿಲ್ಲ. ಕಳೆದ್ ವಾರ ಮದ್ದೂರ್ ಕಡೆ ಟ್ರೇಗಳು ಮಳವಳ್ಳಿಗೋದ್ವು. ನಮ್ ಯಜಮಾನ್ರು ಏಳವ್ರೆ, ಸನಿವಾರದ ಲೋಡು ಒಂದ್ ನೋಡ್ತೀನಿ, ಆಮೇಲೆ ಓದ್ ಬರೋರ್ನ ಆಕ್ತೀನಿ ಅಂತ." ಅವರು ಚೀಟಿಗಳನ್ನು ನನ್ನ ಕಡೆ ತಳ್ಳಿದರು. "ನಾನು ಓದೋದ್ ಮರ್ತ್ನಾ, ನೀವು ಬರೆಯೋದ್ ಮರ್ತ್ರಾ, ಅದೊಂದ್ ಏಳು. ನಾನೇ ಮರ್ತಿದ್ರೆ ಸುಮ್ಕೆ ಬುಟ್ಬುಡ್ತೀನಿ."

ನಾನು ಆಡಿದ ಆಟಕ್ಕೆ ಅವರ ಮೇಸ್ತ್ರಿಕೆ ಹೋಗುವುದರಲ್ಲಿತ್ತು. ಸಿಲೇಟು ಎಂದ ತಕ್ಷಣ ಉಸ್ತಾದರ ಮಾತು ನೆನಪಾಯಿತು. ಬಳಪದ ಅಕ್ಷರ ಅಂದರೇನು? ಮೈಯಿಲ್ಲದ್ದು, ಒಂದೇ ಗೆರೆ. ಇವರು ಕಲಿತದ್ದು ಮೂಳೆ, ನಾನು ಕೊಟ್ಟದ್ದು ಬೀಗರು.

ಶಿವಲಿಂಗಣ್ಣ ಊಟಕ್ಕೆ ಹೋಗಿದ್ದ. ಪೆನ್‌ಡ್ರೈವ್ ತೆಗೆದೆ. ಮೂರೂ ಹೆಸರನ್ನು ಬಳೆ ಅಕ್ಷರದಲ್ಲಿ, ಯಾವುದನ್ನೂ ಎಳೆಯದೆ ಹಿಂಡದೆ, ಬಿಳಿಯ ಮೇಲೆ ಕಪ್ಪಿನಲ್ಲಿ ಮುದ್ರಿಸಿ ಅವರ ಮುಂದಿಟ್ಟೆ.

ಅವರು ಬಾಯಲ್ಲಿ ಓದಲಿಲ್ಲ. ತೋರುಬೆರಳನ್ನು ಅಕ್ಷರದ ಮೇಲಿಟ್ಟು ಗೆರೆಯ ಗುಂಟ ಹೋದರು. ಮ ಸುತ್ತಿ ಬಂದು, ದ ಸುತ್ತಿ, ಕೆಳಗಿಳಿದು ಒತ್ತು ಮುಟ್ಟಿ, "ಮದ್ದೂರು" ಎಂದರು. ಮುಂದಿನದು, "ಮಳವಳ್ಳಿ". ಮೂರನೆಯದಕ್ಕೆ ಬೆರಳೇ ಬೇಕಾಗಲಿಲ್ಲ. ಮುಖದಲ್ಲಿ ನಗು ಬಂತು, ಬಂದ ಹಾಗೇ ಹೋಯಿತು. ಮತ್ತೆ ಬೆರಳು ಮ ಅಕ್ಷರದ ಮೇಲೆ ಹೋಯಿತು.

"ಇದೊಂದು ಸರಿಗಿಲ್ಲ."

"ಯಾವುದು?"

"ಈ ಬಾಲ. ಇಲ್ಲಿಗೆ ಬಂದು ಗಕ್ಕಂತ ನಿಂತ್ಬುಡ್ತದೆ. ಕೈ ಅಂಗೆ ನಿಲ್ಲಾಕಿಲ್ಲ. ಇಂಗೆ ಒಂಚೂರು ಮೇಲುಕ್ಕೋಯ್ತದೆ." ಮೇಜಿನ ಧೂಳಿನ ಮೇಲೆ ಬರೆದು ತೋರಿಸಿದರು.

ನನಗೆ ಸಿಟ್ಟು ಬಂತು. ಒಪ್ಪಿಕೊಳ್ಳುತ್ತೇನೆ. ಎಷ್ಟೊಂದು ಭಾನುವಾರ ಕೂತು ತಂದ ಬಾಲ ಅದು. "ಅದು ಸರಿಯಾಗೇ ಇದೆ ಅಮ್ಮ. ಬಳೆ ಇಟ್ಟು ಅಳೆದು ಬರೆದಿರೋದು."

ಪುಟ್ಟತಾಯಮ್ಮ ನನ್ನನ್ನು ಒಂದು ಸಲ ನೋಡಿದರು. "ಬಳೆ ಕೈಗಾಕೋದು ಕಣಪ್ಪ. ಬರೆಯೋದು ಬಳಪದಲ್ಲಿ."

ಅವರು ಹೋದ ಮೇಲೂ ಮೇಜಿನ ಮೇಲಿನ ಧೂಳನ್ನು ಒರೆಸಲಿಲ್ಲ. ಅವರು ಬರೆದ ಮ ಅಕ್ಷರದ ಮೇಲೆ ನಾನೂ ಬೆರಳು ಓಡಿಸಿದೆ. ಓಡಿಸಿದಾಗಲೆಲ್ಲ ಕೊನೆಯಲ್ಲಿ ಬೆರಳು ನನ್ನ ಮಾತು ಕೇಳದೆ ಚೂರು ಮೇಲಕ್ಕೇ ಹೋಗುತ್ತಿತ್ತು. ಉಸ್ತಾದರ ಸೀಮೆಸುಣ್ಣವೂ ಹಾಗೇ ಹೋಗುತ್ತಿತ್ತು, ಈಗ ನೆನಪಿಗೆ ಬಂತು. ಬಾಲವನ್ನು ಬಳೆಯಿಂದ ಆಚೆಗೆ, ಒಂದು ಎಳ್ಳಿನಷ್ಟು ಎಳೆದೆ. ಇಡೀ ಸಾಲು ಒಮ್ಮೆಲೇ ಮುಂದಕ್ಕೆ ನಡೆದ ಹಾಗೆ ಕಂಡಿತು.

ಹೊಸ ಬಾಲದ ಚೀಟಿಗಳನ್ನು ಮುದ್ರಿಸಿ ಕಳಿಸಿದ ಮೇಲೆ ನನ್ನ ಮಾಮೂಲಿ ಭಯ ಶುರುವಾಯಿತು. ಗೆರೆ ಇಷ್ಟು ಸಣ್ಣ, ನೀರು ಹಾಕಿದರೆ ಅಳಿಸಿಹೋದರೆ? ಒಂದು ಚೀಟಿಯನ್ನು ಚೊಂಬಿನ ನೀರಲ್ಲಿ ಮುಳುಗಿಸಿಟ್ಟೆ, ಇನ್ನೊಂದನ್ನು ತಾರಸಿಯ ಬಿಸಿಲಿಗೆ ಹಾಕಿದೆ. ಸುಶೀಲ ಆ ಚೊಂಬಿನ ನೀರನ್ನೇ ಕುಡಿಯಲು ಹೋಗಿ ನನಗೆ ಮಂಗಳಾರತಿ ಆಯಿತು. ಎರಡೂ ಚೀಟಿ ಗಟ್ಟಿಯಾಗಿ ನಿಂತವು. ಆದರೂ ಶನಿವಾರ ಬೆಳಿಗ್ಗೆ ಏನೋ ನೆವ ಹೇಳಿ ಭಾರತೀನಗರದ ಬಸ್ಸು ಹತ್ತಿದೆ.

ನರ್ಸರಿಯಲ್ಲಿ ಮೂರು ವ್ಯಾನು ನಿಂತಿದ್ದವು. ಯಜಮಾನರು ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೈಕಟ್ಟಿ ಕೂತಿದ್ದರು. ನಾನು ಬೇಲಿಯ ಹತ್ತಿರ ನಿಂತೆ. ಅಲ್ಲಿಂದ ನನಗೆ ಚೀಟಿಯ ಮೇಲೆ ಏನೂ ಕಾಣಲಿಲ್ಲ, ಬರೀ ಬಿಳಿ ಚುಕ್ಕೆ. ಬೀಗರೂಟವೇ ಮತ್ತೊಮ್ಮೆ ನಡೆಯುತ್ತಿದೆ ಅನಿಸಿತು. ಆದರೆ ಪುಟ್ಟತಾಯಮ್ಮ ಬೇಲಿಯ ಹತ್ತಿರ ನಿಂತಿರಲಿಲ್ಲವಲ್ಲ. ಟ್ರೇಗಳ ನಡುವೆ ಬಗ್ಗಿ, ಒಂದೊಂದಕ್ಕೂ ಬೆರಳು ಮುಟ್ಟಿಸಿ, ಜೋರಾಗಿ ಕೂಗುತ್ತಿದ್ದರು: "ಮದ್ದೂರು! ಇದು ಮಂಡ್ಯ ಕಣಮ್ಮಿ, ಆ ವ್ಯಾನ್ಗೆ! ಮಳವಳ್ಳಿ, ಮಳವಳ್ಳಿ!" ಒಂದು ಕಡೆ ಹೆಂಗಸೊಬ್ಬಳು ತಪ್ಪು ವ್ಯಾನಿಗೆ ಎತ್ತಿಟ್ಟಳು. ಇವರು ವ್ಯಾನು ಹತ್ತಿ, ಚೀಟಿ ಕಿತ್ತು, ಯಜಮಾನರ ಮೂಗಿನ ಹತ್ತಿರ ಹಿಡಿದು ಓದಿ ತೋರಿಸಿ, ಟ್ರೇಯನ್ನು ತಾವೇ ಇಳಿಸಿದರು. ಯಜಮಾನರು ಕೈಕಟ್ಟು ಬಿಚ್ಚಿದರು.

ವ್ಯಾನುಗಳು ಹೋದ ಮೇಲೆ ಅವರಿಗೆ ನಾನು ಕಂಡೆ.

"ಬಂದ್ಯಾ? ನಂಬ್ಕೆ ಇರ್ನಿಲ್ವಾ ನನ್ ಮೇಲೆ?"

"ನನ್ನ ಮೇಲೆ ಇರಲಿಲ್ಲ," ಎಂದೆ.

"ಬಾಲ ಸರಿ ಮಾಡಿದ್ದೀಯ," ಎಂದರು. ಬೆನ್ನು ತಟ್ಟುವ ಧಾಟಿ ಏನೂ ಇರಲಿಲ್ಲ. ಟ್ರೇ ಸರಿಯಾಗಿ ಇಟ್ಟ ಕೆಲಸದವಳಿಗೆ ಹೇಳುವ ಹಾಗೆ ಹೇಳಿ, ಮೆತ್ತಿದ ಮಣ್ಣು ತೊಳೆಯಲು ನಲ್ಲಿಯ ಕಡೆ ಹೋದರು. ಮುಂದಿನ ಲೋಡಿಗೂ ಅವರೇ ಮೇಸ್ತ್ರಿ. ನಾನು ಅಂಗಡಿ ಬಿಡುವವರೆಗೂ ಅವರೇ ಇದ್ದರು.

ಬಳೆ ಅಕ್ಷರವನ್ನು ಆಮೇಲೆ ಶಿವಲಿಂಗಣ್ಣನೇ ಕಂಪ್ಯೂಟರಿಗೆ ಮತ್ತೆ ಹಾಕಿಸಿದ, ಫ್ಲೆಕ್ಸಿಗೆ ಬಳಸಬಾರದು ಎಂಬ ಷರತ್ತಿನ ಮೇಲೆ. ಸಂಜೆ ಶಾಲೆಗಳ ಓದುವ ಹಾಳೆ, ಔಷಧಿ ಡಬ್ಬಿಯ ಚೀಟಿ, ಮದುವೆ ಕಾಗದದಲ್ಲಿ ಹೆಣ್ಣು ಗಂಡಿನ ಹೆಸರು, ಇಂಥ ಕೈಯಲ್ಲಿ ಹಿಡಿದು ಓದುವುದಕ್ಕೆಲ್ಲ ಅದನ್ನು ಬಳಸಿದ್ದೇವೆ. ರಸ್ತೆಯಾಚೆ ನಿಂತು ಓದುವುದಕ್ಕೆ ಇಂದಿಗೂ ಉಸ್ತಾದರ ಬೀಗರೇ ಬೇಕು. ಅಕ್ಷರ ಆರಿಸುವ ಮುಂಚೆ ಓದುವವರು ಎಷ್ಟು ಹೆಜ್ಜೆ ದೂರ ನಿಂತಿರುತ್ತಾರೆ, ಓದಲು ಕಲಿತದ್ದು ಯಾವುದರ ಮೇಲೆ, ಈ ಎರಡನ್ನು ಕೇಳಿ. ನಾನು ಒಂದನ್ನು ಚರಂಡಿಗೆ ಬಿದ್ದು ಕಲಿತೆ, ಇನ್ನೊಂದನ್ನು ಐವತ್ತರ ಹತ್ತಿರ ಬಂದ ಮೇಲೆ.

ಸುಮಾ, ಆ ಮ ಅಕ್ಷರದ ಬಾಲ ಬಳೆಯಿಂದ ಎಳ್ಳಿನಷ್ಟು ಆಚೆ ಇದೆ. ಅಳೆದರೆ ತಪ್ಪು ಸಿಕ್ಕೇ ಸಿಗುತ್ತದೆ. ಅಳೆಯಬೇಡ. ಮೇಲೆ ಬೆರಳಿಟ್ಟು ಒಂದು ಸಲ ಹೋಗಿ ನೋಡು.